ಟ್ಯೂಬ್‌ಲೈಟ್ ಕೆಳಗೆ ಬೆಳೆವ ಸೊಪ್ಪು

ಎಲ್‌ಇಡಿ ಬೆಳಕಿನಲ್ಲಿ ಗಿಡ ಬೆಳೆಸಲು ಮೊದಮೊದಲು ಕೈಹಾಕಿದವರು ಟ್ಯೂಬ್‌ಲೈಟನ್ನು ಕೈಬಿಟ್ಟಿರಲಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರೇಮಂಡ್ ಬುಲಾ ಮತ್ತು ಸಂಗಡಿಗರು ಕೆಂಪು ಎಲ್‌ಇಡಿಗಳ ಕೆಳಗೆ ಲೆಟಿಸ್ ಸೊಪ್ಪು ಬೆಳೆದು, 1991ರಲ್ಲಿ ಅದರ ವಿವರ ಪ್ರಕಟಿಸಿದರು. ಕೆಂಪಿನ ಜೊತೆಗೆ ಅವರು ಜೋಡಿಸಿದ್ದು ನೀಲಿ ಫ್ಲೋರೊಸೆಂಟ್ ಟ್ಯೂಬುಗಳನ್ನು. ಗಿಡ ಗಿಡ್ಡವಾಗಿ, ಗಟ್ಟಿಯಾಗಿ ಬೆಳೆಯಬೇಕಾದರೆ ಅಷ್ಟಿಷ್ಟಾದರೂ ನೀಲಿ ಬೇಕು ಎಂದು ಅವರಿಗೆ ಗೊತ್ತಿತ್ತು. ಆದರೆ ಕೆಲಸಕ್ಕೆ ಬರುವಷ್ಟು ಪ್ರಖರವಾದ ನೀಲಿ ಎಲ್‌ಇಡಿ ಆಗ ಎಲ್ಲಿಯೂ ಸಿಗುತ್ತಿರಲಿಲ್ಲ. ಜಪಾನಿನ ಶುಜಿ ನಕಮುರಾ ಅದನ್ನು ಲೋಕದ ಮುಂದಿಟ್ಟದ್ದು 1993ರ ಕೊನೆಗೆ. ಅದಕ್ಕಾಗಿ ವಿಜ್ಞಾನಿಗಳಾದ ಅಕಾಸಾಕಿ, ಅಮಾನೊ ಅವರೊಂದಿಗೆ ನೊಬೆಲ್ ಹಂಚಿಕೊಂಡದ್ದು 2014ರಲ್ಲಿ. ಆ ಎಲ್‌ಇಡಿ ಬರುವವರೆಗೆ ನೀಲಿಯ ಹೊಣೆ ಹೊತ್ತದ್ದು ಟ್ಯೂಬೇ. ಆ ಮಿಶ್ರ ಬೆಳಕಿನಲ್ಲಿ ಬಂದ ಲೆಟಿಸ್, ಬಿಳಿ ಟ್ಯೂಬು ಮತ್ತು ಬುರುಡೆ ಬಲ್ಬುಗಳ ಕೆಳಗೆ ಬೆಳೆದ ಲೆಟಿಸ್‌ಗೆ ಯಾವುದರಲ್ಲೂ ಕಡಿಮೆ ಇರಲಿಲ್ಲ.

ಅವರ ಕಣ್ಣಿದ್ದದ್ದು ಬಾಹ್ಯಾಕಾಶದ ಮೇಲೆ. ಗಾಜಿಲ್ಲದ, ಒಡೆಯದ, ಗಿಡಕ್ಕೆ ಶಾಖ ತಾಗಿಸದ ದೀಪ ನೌಕೆಯೊಳಗೆ ಬೇಕಿತ್ತು. ಅದೇ ವಿಸ್ಕಾನ್ಸಿನ್ ತಂಡದ ಉಪಕರಣ 1992ರಲ್ಲಿ ಸ್ಪೇಸ್ ಷಟಲ್ ಏರಿತು. 2015ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಗಗನಯಾತ್ರಿಗಳು ಅಲ್ಲಿಯೇ ಬೆಳೆದ ಕೆಂಪು ಲೆಟಿಸ್ ತಿಂದರು. ಅಷ್ಟರಲ್ಲಿ ಟ್ಯೂಬು ಮಾಯವಾಗಿತ್ತು. ಕೆಂಪು, ನೀಲಿ, ಹಸಿರು ಮೂರೂ ಎಲ್‌ಇಡಿಗಳೇ. ಹಸಿರನ್ನು ಸೇರಿಸಲು ಒಂದು ಮುಖ್ಯ ಕಾರಣ, ನೋಡುವವರ ಕಣ್ಣಿಗೆ ಗಿಡ ಗಿಡದ ಬಣ್ಣದಲ್ಲಿ ಕಾಣಲಿ ಎಂಬುದು. ಇದರ ಮಹತ್ವವನ್ನು ಮುಂದೆ ಹೇಳುತ್ತೇನೆ.

ಬಾಹ್ಯಾಕಾಶದಿಂದ ಮಾಯವಾದ ಟ್ಯೂಬು ನಮ್ಮ ಮನೆಗಳಿಂದ ಮಾಯವಾಗಿಲ್ಲ, ಅಟ್ಟ ಸೇರಿದೆ. ಕಳೆದ ಹತ್ತು ವರ್ಷಗಳಲ್ಲಿ ಎಲ್‌ಇಡಿ ಅಗ್ಗವಾದಂತೆ ಮನೆ, ಅಂಗಡಿ, ಕಚೇರಿಗಳ ಟ್ಯೂಬ್‌ಲೈಟ್ ಪಟ್ಟಿಗಳನ್ನೆಲ್ಲ ಬಿಚ್ಚಲಾಯಿತು. ಬಿಚ್ಚಿದವುಗಳಲ್ಲಿ ಬಹುಪಾಲು ಕೆಟ್ಟಿರಲಿಲ್ಲ. ಇನ್ನೊಂದು ಕಡೆ, ಪಕ್ಕದ ಕಟ್ಟಡದ ಗೋಡೆ ಕಿಟಕಿಗೆ ಕೈಗೆಟಕುವಷ್ಟು ಹತ್ತಿರ ಬಂದಿರುವ ಬೆಂಗಳೂರಿನ ಮನೆಗಳಲ್ಲಿ ಒಂದು ಕುಂಡ ದೊಡ್ಡಪತ್ರೆಯೂ ನೆಟ್ಟಗೆ ಬೆಳೆಯುವುದಿಲ್ಲ. ಕಾಂಡ ಸಪೂರವಾಗಿ ಕಿಟಕಿಯತ್ತ ಚಾಚುತ್ತದೆ, ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚುತ್ತದೆ, ಎಲೆ ಬಿಳಚುತ್ತದೆ. ಈ ಎರಡು ಸಂಗತಿಗಳನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸಬಹುದು ಎನ್ನುವುದು ನನ್ನ ದೃಢ ನಂಬಿಕೆ. ಇರುವ ಟ್ಯೂಬು ಎರಡು, ಒಂದು ಬಿಳಿ ಎಲ್‌ಇಡಿ ಬ್ಯಾಟನ್, ಬೆರಳುಗುರಿನಷ್ಟಿರುವ ಹನ್ನೆರಡು ಕೆಂಪು ಎಲ್‌ಇಡಿ, ಇಷ್ಟಿದ್ದರೆ ನಾಲ್ಕಡಿ ಉದ್ದದ ಕಪಾಟಿನಲ್ಲಿ ವರ್ಷವಿಡೀ ಸೊಪ್ಪು ಬೆಳೆಯುತ್ತದೆ.

ಅದಕ್ಕೆ ಮೊದಲು ಒಂದು ಭ್ರಮೆ ಬಿಡಬೇಕು. ಸಂಜೆ ದೀಪ ಹಾಕಿದ ಪಡಸಾಲೆ ನಮಗೆ ಬೆಳ್ಳಗೆ ಬೆಳಗಿದಂತೆ ಕಾಣುತ್ತದೆ. ಅಲ್ಲಿರುವುದು 150 ಲಕ್ಸ್ ಆಸುಪಾಸು. ನಡುಮಧ್ಯಾಹ್ನದ ಬಯಲಿನಲ್ಲಿ ಒಂದು ಲಕ್ಷ ಲಕ್ಸ್. ಆರುನೂರು ಪಟ್ಟಿಗೂ ಮೀರಿದ ಈ ಅಂತರ ನಮಗೆ ತಿಳಿಯುವುದೇ ಇಲ್ಲ, ಏಕೆಂದರೆ ಕಣ್ಣು ಕತ್ತಲಿಗೂ ಬಿಸಿಲಿಗೂ ತನ್ನನ್ನು ಹೊಂದಿಸಿಕೊಂಡುಬಿಡುತ್ತದೆ. ಎಲೆಗೆ ಆ ಸೌಲಭ್ಯವಿಲ್ಲ. ಬಿದ್ದ ಬೆಳಕಿನ ಕಣಗಳಲ್ಲಿ ಎಷ್ಟು ಹಿಡಿಯಿತೋ ಅಷ್ಟೇ ಅದರ ಗಳಿಕೆ.

ಹಾಗಾಗಿ ಗಿಡದ ಲೆಕ್ಕವೇ ಬೇರೆ. 400ರಿಂದ 700 ನ್ಯಾನೋಮೀಟರ್‌ವರೆಗಿನ, ಅಂದರೆ ನೇರಳೆಯಿಂದ ಕೆಂಪಿನವರೆಗಿನ ಫೋಟಾನುಗಳು ಒಂದು ಚದರ ಮೀಟರ್ ಮೇಲೆ ಸೆಕೆಂಡಿಗೆ ಎಷ್ಟು ಬಿದ್ದವು ಎಂದು ಮೈಕ್ರೋಮೋಲ್‌ಗಳಲ್ಲಿ ಎಣಿಸುತ್ತಾರೆ. ಬೆಲೆಬಾಳುವ ಉಪಕರಣ ಬೇಕಿಲ್ಲ. ಮೊಬೈಲಿನ ಲಕ್ಸ್ ಆ್ಯಪ್ ತೋರಿಸಿದ ಸಂಖ್ಯೆಯನ್ನು ಬಿಸಿಲಾದರೆ 54ರಿಂದ, ಬಿಳಿ ಎಲ್‌ಇಡಿಯಾದರೆ ಸುಮಾರು 68ರಿಂದ, ಬಿಳಿ ಟ್ಯೂಬಾದರೆ 74ರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ನಡುಮಧ್ಯಾಹ್ನದ ಬಿಸಿಲು 2000 ಮೈಕ್ರೋಮೋಲ್ ಹತ್ತಿರ. ದೀಪ ಹಾಕಿದ ಪಡಸಾಲೆ ಎರಡು. ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಹಗಲಲ್ಲಿ 500 ಲಕ್ಸ್ ಇದ್ದರೆ, ಎಂಟೋ ಒಂಬತ್ತೋ. ‘ನಮ್ಮ ಮನೆಯೊಳಗೆ ಬೆಳಕು ಚೆನ್ನಾಗಿದೆ, ಆದರೂ ತುಳಸಿ ಏಳುತ್ತಿಲ್ಲ’ ಎನ್ನುವವರಿಗೆ ಈ ಒಂದು ಭಾಗಾಕಾರವೇ ಉತ್ತರ.

ಸೆಕೆಂಡಿನ ಲೆಕ್ಕ ಒಂದಾದರೆ ದಿನದ ಲೆಕ್ಕ ಇನ್ನೊಂದು. ಮಳೆ ಎಷ್ಟು ಜೋರಾಗಿ ಹೊಡೆಯಿತು ಎನ್ನುವುದಕ್ಕಿಂತ ದಿನದ ಕೊನೆಗೆ ಎಷ್ಟು ಮಿಲಿಮೀಟರ್ ಬಿತ್ತು ಎಂಬುದನ್ನೇ ರೈತ ನೋಡುವಂತೆ, ದಿನವಿಡೀ ಬಿದ್ದ ಒಟ್ಟು ಬೆಳಕನ್ನು ನೋಡಬೇಕು. ಬಿಸಿಲಿನ ದಿನ ನಮ್ಮ ಬಯಲಲ್ಲಿ ಚದರ ಮೀಟರಿಗೆ 40 ಮೋಲ್ ಆಸುಪಾಸು ಸಿಗುತ್ತದೆ. ಮನಿಪ್ಲಾಂಟ್‌ನಂಥ ನೆರಳಿನ ಗಿಡ ಎರಡು ಮೂರು ಮೋಲ್‌ನಲ್ಲೂ ಬದುಕುತ್ತದೆ. ಮೆಂತ್ಯ, ಲೆಟಿಸ್‌ನಂಥ ಸೊಪ್ಪುಗಳು ಹತ್ತು ಮೋಲ್ ಹತ್ತಿರವಿದ್ದರೆ ಕೊಯ್ಲಿಗೆ ಬರುತ್ತವೆ. ಟೊಮೆಟೊ, ಮೆಣಸಿನಕಾಯಿ ಹಣ್ಣು ಬಿಡಬೇಕಾದರೆ ಇಪ್ಪತ್ತರ ಮೇಲೆ ಬೇಕು. ಮನೆಯಲ್ಲಿ ಮಾಡಿದ ದೀಪದ ಕೆಳಗೆ ಅವುಗಳ ಸಸಿ ಎಬ್ಬಿಸಬಹುದೇ ಹೊರತು ಕಾಯಿ ನಿರೀಕ್ಷಿಸಬಾರದು. ಯಾರಾದರೂ ಹದಿನೈದು ವಾಟ್ ಬಲ್ಬು ತೋರಿಸಿ ‘ಇದರ ಕೆಳಗೆ ಟೊಮೆಟೊ ಬೆಳೆಯಿರಿ’ ಎಂದರೆ ನಂಬಬೇಡಿ.

ನಂಬಬಾರದ ಇನ್ನೊಂದು ಮಾತಿದೆ. ಗಿಡ ಹಸಿರು ಬೆಳಕನ್ನು ಬಳಸುವುದೇ ಇಲ್ಲ, ಕೆಂಪು ಮತ್ತು ನೀಲಿಯಷ್ಟೇ ಸಾಕು ಎನ್ನುವ ಜಾಹೀರಾತು. ಕಣ್ಣು ಕುಕ್ಕುವ ಆ ಗುಲಾಬಿ-ನೇರಳೆ ದೀಪಗಳೆಲ್ಲ ಇದರ ಮೇಲೆಯೇ ಮಾರಾಟವಾಗುವುದು. ಪತ್ರಹರಿತ್ತನ್ನು ಎಲೆಯಿಂದ ಬೇರ್ಪಡಿಸಿ ದ್ರಾವಣದಲ್ಲಿ ಕರಗಿಸಿ ಅಳೆದರೆ ಹಸಿರಿನ ಹೀರಿಕೆ ಕಡಿಮೆ ಎಂಬುದು ನಿಜ. ಇಡೀ ಎಲೆಯ ಕಥೆ ಹಾಗಲ್ಲ. ಟೆಕ್ಸಸ್‌ನ ಕೀತ್ ಮೆಕ್‌ಕ್ರೀ 22 ಬೆಳೆಗಳ ಎಲೆಗಳನ್ನು ಬಣ್ಣ ಬಣ್ಣದ ಬೆಳಕಿನಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ ಹಸಿರಿಗೂ ಗಣನೀಯ ಪಾಲಿದೆ. ಕೆಂಪು ಮತ್ತು ನೀಲಿ ಎಲೆಯ ಮೇಲ್ಪದರದಲ್ಲೇ ಖರ್ಚಾಗುತ್ತವೆ. ಹಸಿರು ಒಳಗಿಳಿದು ಕೆಳಪದರಗಳನ್ನು, ಮೇಲಿನ ಎಲೆ ದಾಟಿ ಕೆಳಗಿನ ಎಲೆಯನ್ನು ಮುಟ್ಟುತ್ತದೆ. ಪ್ರಖರ ಬಿಳಿ ಬೆಳಕಿರುವಾಗ ಹೆಚ್ಚುವರಿ ಕೆಂಪಿಗಿಂತ ಹೆಚ್ಚುವರಿ ಹಸಿರೇ ದ್ಯುತಿಸಂಶ್ಲೇಷಣೆಯನ್ನು ಹೆಚ್ಚಿಸುತ್ತದೆ ಎಂದು ಜಪಾನಿನ ಇಚಿರೊ ತೆರಾಶಿಮಾ ತಂಡ 2009ರಲ್ಲಿ ತೋರಿಸಿತು. ಬಿಳಿ ಬೆಳಕು ಗಿಡಕ್ಕೆ ದಂಡವಲ್ಲ. ನಮ್ಮ ಟ್ಯೂಬಿಗೆ ಮರ್ಯಾದೆ ಬರುವುದು ಇಲ್ಲಿಂದಲೇ.

ಟ್ಯೂಬು, ಎಲ್‌ಇಡಿ ಎರಡೂ ಯಾಕೆ ಬೇಕು

ಟ್ಯೂಬಿನೊಳಗೆ ಪಾದರಸದ ಆವಿ 254 ನ್ಯಾನೋಮೀಟರಿನ ಅತಿನೇರಳೆ ಕಿರಣ ಸೂಸುತ್ತದೆ. ಗಾಜಿನ ಒಳಮೈಗೆ ಬಳಿದ ಪುಡಿ ಅದನ್ನು ಕಾಣುವ ಬೆಳಕಾಗಿಸುತ್ತದೆ. ಒಳ್ಳೆಯ ಟ್ಯೂಬಿನಲ್ಲಿ ಮೂರು ಬಗೆಯ ಪುಡಿ ಇರುತ್ತದೆ. ಬೆಳಕು ನೀಲಿಯಲ್ಲೊಮ್ಮೆ, 545ರ ಹಸಿರಿನಲ್ಲೊಮ್ಮೆ, 611ರ ಕಿತ್ತಳೆಗೆಂಪಿನಲ್ಲೊಮ್ಮೆ ಎದ್ದು ನಿಲ್ಲುತ್ತದೆ. ಪತ್ರಹರಿತ್ತು ಆಸೆಪಟ್ಟು ಹೀರುವ 660ರ ಕಡುಗೆಂಪಿನ ಹೊತ್ತಿಗೆ ಟ್ಯೂಬು ಬಹುಮಟ್ಟಿಗೆ ಬರಿಗೈ. ಅಗ್ಗದ ತಂಪು ಬಿಳಿ ಎಲ್‌ಇಡಿಯೂ ಅಲ್ಲಿ ಸೊರಗುತ್ತದೆ. ಅದರ ಮೂಲ 450ರ ನೀಲಿ ಚಿಪ್, ಮೇಲೆ ಹಳದಿ ಪುಡಿಯ ಲೇಪ. ಕೆಂಪಿನ ತುದಿಗೆ ಬರುವಷ್ಟರಲ್ಲಿ ಬೆಳಕು ಇಳಿದುಹೋಗಿರುತ್ತದೆ. ಆ ಕೊರತೆಯನ್ನು 660ರ ಕೆಂಪು ಎಲ್‌ಇಡಿ ನೇರವಾಗಿ ತುಂಬುತ್ತದೆ, ಅದೂ ಕಡಿಮೆ ವಿದ್ಯುತ್ತಿನಲ್ಲಿ. ಕೆಂಪು ಫೋಟಾನಿಗೆ ನೀಲಿಯದಕ್ಕಿಂತ ಶಕ್ತಿ ಕಡಿಮೆ, ಹಾಗಾಗಿ ಒಂದೇ ವಾಟಿನಲ್ಲಿ ಕೆಂಪು ಫೋಟಾನುಗಳು ಹೆಚ್ಚು ಹುಟ್ಟುತ್ತವೆ. ಒಂದು ಜೂಲ್ ವಿದ್ಯುತ್ತಿಗೆ ಟ್ಯೂಬು ಒಂದು ಮೈಕ್ರೋಮೋಲ್ ಆಸುಪಾಸು ಬೆಳಕು ಕೊಟ್ಟರೆ, ಸಾಧಾರಣ ಬಿಳಿ ಬ್ಯಾಟನ್ ಒಂದೂವರೆಯ ಹತ್ತಿರ ಕೊಡುತ್ತದೆ, ಕಡುಗೆಂಪು ಎಲ್‌ಇಡಿ ಎರಡನ್ನು ಸುಲಭವಾಗಿ ದಾಟುತ್ತದೆ.

ಟ್ಯೂಬಿಗೆ ತನ್ನದೇ ಒಂದು ಗುಣವಿದೆ, ಅದನ್ನು ಎಲ್‌ಇಡಿಯ ಭರದಲ್ಲಿ ಮರೆಯಲಾಗುತ್ತಿದೆ. ನಾಲ್ಕಡಿ ಉದ್ದಕ್ಕೂ ಒಂದೇ ಸಮನೆ, ಸುತ್ತಲೂ ಹರಡುವ ಮೆದು ಬೆಳಕು ಅದರದು. ಆರು ಇಂಚು ಕೆಳಗಿರುವ ಸಸಿಯ ತಲೆ ಸುಡುವುದಿಲ್ಲ, ಎಲೆಯ ಕೆಳಗೆ ಗಾಢ ನೆರಳು ಬೀಳುವುದಿಲ್ಲ. ಆಫ್ರಿಕನ್ ವಯೊಲೆಟ್ ಬೆಳೆಯುವ ಹವ್ಯಾಸಿಗಳು ದಶಕಗಳ ಕಾಲ ಟ್ಯೂಬನ್ನೇ ನೆಚ್ಚಿಕೊಂಡದ್ದಕ್ಕೆ ಕಾರಣ ಇದು.

ಒಟ್ಟು ಸೇರಿಸುವ ಕೆಲಸ

ಹಳೆಯ ಟ್ಯೂಬು ಆರಿಸುವಾಗ ಗಾಜಿನ ತುದಿಯ ಮೇಲಿರುವ ಬರಹ ಓದಿ. 865 ಎಂದಿದ್ದರೆ ಒಳ್ಳೆಯದು. ಎಂಟು ಎಂದರೆ ಬಣ್ಣಗಳನ್ನು ನಿಜವಾಗಿ ತೋರಿಸುವ ಮಟ್ಟ 80ರ ಮೇಲೆ. 65 ಎಂದರೆ 6500 ಕೆಲ್ವಿನ್, ಹಗಲಿನ ಬಿಳಿ. ಒಂದಿಂಚು ದಪ್ಪದ 36 ವಾಟಿನ ಟ್ಯೂಬು ಇದಕ್ಕೆ ತಕ್ಕದ್ದು. ಒಂದೂವರೆ ಇಂಚು ದಪ್ಪದ ಹಳೇ 40 ವಾಟಿನದು ಬೇಡ, ಅದರ ಪುಡಿ ಹಳೇ ಕಾಲದ್ದು, ಬೆಳಕೂ ಕಡಿಮೆ. ತುದಿ ಕಪ್ಪಾದದ್ದೂ ಬೇಡ. ಗುಂಯ್‌ಗುಡುವ ಕಬ್ಬಿಣದ ಚೋಕ್ ತೆಗೆದು ಎಲೆಕ್ಟ್ರಾನಿಕ್ ಚೋಕ್ ಹಾಕಿದರೆ ಮಿಣುಕಾಟವೂ ನಿಲ್ಲುತ್ತದೆ, ಹತ್ತು ವಾಟಿನಷ್ಟು ವಿದ್ಯುತ್ತೂ ಉಳಿಯುತ್ತದೆ.

ಕೆಂಪು ಎಲ್‌ಇಡಿಗೆ ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಗಲ್ಲಿಗಳಿಗೆ ಹೋಗಬೇಕು. ಮೂರು ವಾಟ್, 660 ನ್ಯಾನೋಮೀಟರ್, ನಕ್ಷತ್ರದಾಕಾರದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂರಿಸಿದ್ದು ಎಂದು ಬಿಡಿಸಿ ಕೇಳಿ. ಬರೀ ಕೆಂಪು ಎಂದರೆ 620–630ರ ಅಲಂಕಾರದ ಎಲ್‌ಇಡಿ ಕೈಗೆ ಬರುತ್ತದೆ. ಪಕ್ಕಪಕ್ಕದಲ್ಲಿ ಉರಿಸಿ ನೋಡಿದರೆ 660ರದು ಕಣ್ಣಿಗೆ ಮಂಕು, ಮಂಕಾಗಿರುವುದೇ ಸರಿಯಾದದ್ದು. ನಮ್ಮ ಕಣ್ಣಿಗೆ ಆ ಬಣ್ಣದ ಮೇಲೆ ಅಕ್ಕರೆ ಕಡಿಮೆ, ಅಷ್ಟೆ. ಲಕ್ಸ್ ಆ್ಯಪ್ ಕೂಡ ನಮ್ಮ ಕಣ್ಣಿನ ಲೆಕ್ಕವನ್ನೇ ಅನುಸರಿಸುವುದರಿಂದ ಈ ಕೆಂಪಿನ ಮುಂದೆ ಅದಕ್ಕೆ ಬೆಲೆ ಇಲ್ಲ.

ಚೌಕಟ್ಟಿಗೆ ನಾಲ್ಕೂಕಾಲು ಅಡಿ ಉದ್ದ, ಹದಿನಾರು ಇಂಚು ಅಗಲದ ಹಲಗೆ. ಅದರ ಕೆಳಮೈಗೆ ಹೊಳಪಿಲ್ಲದ ಬಿಳಿ ಬಣ್ಣ ಎರಡು ಕೋಟು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸುವವರಿದ್ದಾರೆ; ಅದು ಸುಕ್ಕಾಗಿ ಬೆಳಕನ್ನು ಕಲೆಕಲೆಯಾಗಿ ಚೆಲ್ಲುತ್ತದೆ, ವಿದ್ಯುತ್ ಇರುವ ಕಡೆ ಲೋಹದ ಹಾಳೆ ಅಪಾಯವೂ ಹೌದು. ಬಿಳಿ ಬಣ್ಣವೇ ಮೇಲು. ಎರಡು ಅಂಚಿಗೆ ಎರಡು ಟ್ಯೂಬು, ನಡುವೆ 20 ವಾಟಿನ ಎಲ್‌ಇಡಿ ಬ್ಯಾಟನ್, ಅದರ ಪಕ್ಕಕ್ಕೆ ಕೆಂಪು ಪಟ್ಟಿ.

ಕೈಕೆಲಸವೆಲ್ಲ ಆ ಕೆಂಪು ಪಟ್ಟಿಯಲ್ಲಿದೆ. ಎಲ್‌ಇಡಿ ತನ್ನ ಶಾಖವನ್ನು ಬೆಳಕಿನ ಜೊತೆ ಮುಂದಕ್ಕೆ ಎಸೆಯುವುದಿಲ್ಲ, ಬೆನ್ನಿಗಿಳಿಸುತ್ತದೆ. ಆ ಶಾಖ ಎಳೆದುಕೊಳ್ಳಲು ಮೂರಡಿ ಉದ್ದದ ದಪ್ಪ ಅಲ್ಯೂಮಿನಿಯಂ ಚಾನೆಲ್ ಬೇಕು. ಮೂರು ಇಂಚಿಗೊಂದರಂತೆ ಹನ್ನೆರಡು ಬಿಲ್ಲೆ. ಬೆಸುಗೆಯ ಮೊದಲ ಹಂತವನ್ನು ಬಿಲ್ಲೆ ಕೈಯಲ್ಲಿರುವಾಗಲೇ ಮುಗಿಸಿ. ಪ್ಲಸ್ ಮತ್ತು ಮೈನಸ್ ಗುರುತಿನ ಚುಕ್ಕೆಗಳ ಮೇಲೆ ಸೀಸ ಹಿಡಿಸಿಕೊಂಡಿರಬೇಕು. ಚಾನೆಲ್‌ಗೆ ಕೂರಿಸಿದ ಮೇಲೆ ಅಲ್ಯೂಮಿನಿಯಂ ಬಿಸಿಯನ್ನೆಲ್ಲ ನುಂಗುತ್ತದೆ, 25 ವಾಟಿನ ಸಣ್ಣ ಕಡ್ಡಿಯಿಂದ ಸೀಸ ಕರಗುವುದೇ ಇಲ್ಲ. 60 ವಾಟಿನದು ಬೇಕು. ಬಿಲ್ಲೆಯ ಬೆನ್ನಿಗೆ ಥರ್ಮಲ್ ಪೇಸ್ಟ್ ತೆಳ್ಳಗೆ, ಒಂದು ಕಡೆಯೂ ಗುಳ್ಳೆ ಉಳಿಯದಂತೆ ಒತ್ತಿ, ನೈಲಾನ್ ವಾಷರ್ ಹಾಕಿ ಸ್ಕ್ರೂ ಬಿಗಿಯಬೇಕು. ಲೋಹದ ಸ್ಕ್ರೂವಿನ ತಲೆ ಬೆಸುಗೆ ಚುಕ್ಕೆಗೆ ತಾಗಿದರೆ ಚಾನೆಲ್ಲಿಗೇ ವಿದ್ಯುತ್ ಹರಿಯುತ್ತದೆ. ಒಂದರ ಮೈನಸ್ಸಿನಿಂದ ಮುಂದಿನದರ ಪ್ಲಸ್ಸಿಗೆ ತಂತಿ ಹೆಣೆಯುತ್ತಾ ಹೋಗಿ, ಮುಗಿದ ಮೇಲೆ ಮಲ್ಟಿಮೀಟರಿನ ಒಂದು ಮುಳ್ಳನ್ನು ಚಾನೆಲ್ಲಿಗೂ ಇನ್ನೊಂದನ್ನು ಪ್ರತಿ ಬೆಸುಗೆಗೂ ಇಟ್ಟು ನೋಡಿ. ಎಲ್ಲಿಯೂ ಸಂಪರ್ಕ ತೋರಿಸಬಾರದು. ಈ ಪರೀಕ್ಷೆ ಮುಗಿಯದೆ ಮುಂದಿನ ಹೆಜ್ಜೆ ಇಡಬಾರದು.

ಒಂದೊಂದು ಎಲ್‌ಇಡಿಗೆ ಎರಡು ವೋಲ್ಟ್ ಚಿಲ್ಲರೆ. ಹನ್ನೆರಡು ಸೇರಿ ಸುಮಾರು 25 ವೋಲ್ಟ್. 18ರಿಂದ 36 ವೋಲ್ಟ್‌ವರೆಗೆ ಹೊಂದಿಕೊಳ್ಳುವ, 350 ಮಿಲಿಆಂಪಿಯರ್ ಸ್ಥಿರ ಕರೆಂಟಿನ ಡ್ರೈವರ್ ಇದಕ್ಕೆ ಸರಿ. ಮೂರು ವಾಟಿನ ಎಲ್‌ಇಡಿ 700 ಮಿಲಿಆಂಪಿಯರ್ ತಡೆಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ತಡೆಯಬಹುದು. ಅರ್ಧ ಕರೆಂಟಿನಲ್ಲಿ ಓಡಿಸಿದರೆ ಶಾಖ ಇಳಿಯುತ್ತದೆ, ಪ್ರತಿ ವಾಟಿಗೆ ಸಿಗುವ ಬೆಳಕು ಹೆಚ್ಚುತ್ತದೆ, ಬಾಳಿಕೆ ಎಷ್ಟೋ ಪಟ್ಟು ಬೆಳೆಯುತ್ತದೆ. ಮೊದಲು ಎಲ್‌ಇಡಿ ಜೋಡಿಸಿ, ಆಮೇಲೆ ಸ್ವಿಚ್ ಹಾಕಿ. ಉರಿಯುತ್ತಿರುವ ಡ್ರೈವರಿಗೆ ಎಲ್‌ಇಡಿ ತಾಗಿಸಿದರೆ ಒಳಗೆ ಏರಿ ನಿಂತ ವೋಲ್ಟೇಜ್ ಒಂದೇ ಏಟಿಗೆ ಸಾಲಿಡೀ ಸುಡುತ್ತದೆ. ಡ್ರೈವರ್ ‘ಐಸೊಲೇಟೆಡ್’ ಎಂದು ಖಾತ್ರಿ ಮಾಡಿಕೊಳ್ಳಿ. ಹಾಗಲ್ಲದ ಅಗ್ಗದ ಡ್ರೈವರುಗಳಲ್ಲಿ 230 ವೋಲ್ಟಿಗೂ ನಿಮ್ಮ ಬೆರಳಿಗೂ ನಡುವೆ ತಡೆಯೇ ಇರುವುದಿಲ್ಲ. ಅರ್ಧ ಗಂಟೆ ಉರಿಸಿ ಆರಿಸಿದ ಮೇಲೆ ಚಾನೆಲ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ; ಬೆರಳಿಡಲು ಆಗದಷ್ಟು ಕಾದಿದ್ದರೆ ಇನ್ನೂ ದೊಡ್ಡ ಚಾನೆಲ್ ಬೇಕು.

ಕೆಂಪು ಪಟ್ಟಿಯೊಂದನ್ನೇ ಉರಿಸಿ ಕೊತ್ತಂಬರಿಯ ತಟ್ಟೆಯನ್ನು ನೋಡಿ. ಎಲೆಗಳು ಹಸಿರಾಗಿಲ್ಲ, ಕಪ್ಪಾಗಿವೆ. ಬಿದ್ದ ಕೆಂಪನ್ನು ಎಲೆ ಹೀರಿಬಿಟ್ಟಿರುವುದರಿಂದ ಕಣ್ಣಿಗೆ ಮರಳಿ ಬರುವುದು ಏನೂ ಇಲ್ಲ. ಆಮೇಲೆ ಟ್ಯೂಬಿನ ಸ್ವಿಚ್ ಹಾಕಿ. ಕ್ಷಣ ಮಾತ್ರದಲ್ಲಿ ಹಸಿರು ಮೇಲೇಳುತ್ತದೆ. ಅಷ್ಟೇ ಅಲ್ಲ, ಅಂಚಿನ ಎಲೆಯೊಂದರ ನರಗಳ ನಡುವೆ ಹಳದಿ ಇಳಿಯುತ್ತಿರುವುದು, ಎಳೆ ಕಾಂಡಕ್ಕೆ ಹೇನು ಹತ್ತಿರುವುದು ಕಾಣುತ್ತದೆ. ಕೆಂಪಿನಲ್ಲಿ ಇವಾವುವೂ ಕಂಡಿರಲಿಲ್ಲ. ಗಿಡ ಬೆಳೆಸುವುದು ಎಂದರೆ ದಿನವೂ ನೋಡುವುದು. ನೋಡಲಾಗದ ಬೆಳಕಿನಲ್ಲಿ ಗಿಡ ಇಟ್ಟರೆ ರೋಗ ಹಬ್ಬಿದ ಮೇಲೆಯೇ ಗೊತ್ತಾಗುತ್ತದೆ. ಬಾಹ್ಯಾಕಾಶದವರು ಹಸಿರು ಎಲ್‌ಇಡಿ ಸೇರಿಸಿದ್ದು, ಮನೆಯ ದೀಪದಲ್ಲಿ ನಾನು ಬಿಳಿಯನ್ನು ಪಟ್ಟು ಹಿಡಿದು ಉಳಿಸಿಕೊಳ್ಳುವುದು, ಎರಡಕ್ಕೂ ಕಾರಣ ಒಂದೇ.

ನೀರು ಮತ್ತು ವಿದ್ಯುತ್ತು ಒಂದೇ ಕಪಾಟಿನಲ್ಲಿವೆ ಎಂಬುದನ್ನು ಒಂದು ಗಳಿಗೆಯೂ ಮರೆಯುವಂತಿಲ್ಲ. ಲೋಹದ ಭಾಗಗಳಿಗೆಲ್ಲ ಅರ್ಥಿಂಗ್ ತಂತಿ ಬೇಕು. ಆ ಪ್ಲಗ್ಗಿನ ಹಿಂದೆ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಹಳೆಯ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ಚೋಕ್, ಡ್ರೈವರ್, ಟೈಮರ್ ಎಲ್ಲವೂ ದೀಪಕ್ಕಿಂತ ಮೇಲೆ, ಗಾಳಿಯಾಡುವ ಡಬ್ಬಿಯಲ್ಲಿರಲಿ. ತಂತಿ ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗಿಳಿದು ಮೇಲೇರಲಿ, ಆಗ ಅದರ ಗುಂಟ ಜಾರಿದ ನೀರು ಪ್ಲಗ್ ಮುಟ್ಟದೆ ಕೆಳಗೆ ತೊಟ್ಟಿಕ್ಕುತ್ತದೆ. ನೀರು ಹಾಕುವಾಗ ಸ್ವಿಚ್ ಆರಿಸಿ, ಅಥವಾ ತಟ್ಟೆಯನ್ನೇ ಹೊರಗೆ ತೆಗೆದು ನೀರು ಹಾಕಿ. 230 ವೋಲ್ಟಿನ ಜೋಡಣೆ ಕೈಗೆ ಒಗ್ಗಿಲ್ಲದವರು ಆ ಭಾಗವನ್ನು ಬಲ್ಲವರಿಗೇ ಬಿಡಬೇಕು.

ದೀಪವನ್ನು ಸರಪಳಿಯಲ್ಲಿ ತೂಗುಹಾಕಿ ಸಸಿಯ ತಲೆಯಿಂದ ಆರೇಳು ಇಂಚು ಮೇಲಿಟ್ಟು, ಗಿಡ ಎದ್ದಂತೆ ಏರಿಸುತ್ತಾ ಹೋಗಬೇಕು. ಆ ಎತ್ತರದಲ್ಲಿ ಎರಡು ಟ್ಯೂಬು, ಬ್ಯಾಟನ್, ಕೆಂಪು ಪಟ್ಟಿ ಒಟ್ಟಾಗಿ 180ರಿಂದ 200 ಮೈಕ್ರೋಮೋಲ್ ಕೊಡುತ್ತವೆ ಎಂಬುದು ನನ್ನ ಲೆಕ್ಕ. ದಿನಕ್ಕೆ ಹದಿನಾಲ್ಕು ಗಂಟೆ ಉರಿಸಿದರೆ ಒಂಬತ್ತೂವರೆ ಮೋಲ್. ಸೊಪ್ಪಿಗೆ ಸಾಕು. ಟ್ಯೂಬಿನ ಎರಡು ತುದಿಯಲ್ಲಿ ಬೆಳಕು ತುಸು ಕಡಿಮೆ, ಆಗಾಗ ತಟ್ಟೆಗಳ ಜಾಗ ಬದಲಿಸುತ್ತಿರಬೇಕು. ಒಟ್ಟು ಎಳೆಯುವುದು 106 ವಾಟ್ ಆಸುಪಾಸು, ಅಂದರೆ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 270 ರೂಪಾಯಿ. ಸಂತೆಯಲ್ಲಿ ಸೊಪ್ಪು ಅಗ್ಗವಿರುವ ದಿನ ಈ ಲೆಕ್ಕ ಲಾಭದ್ದಲ್ಲ. ಮಕ್ಕಳು ಕೊಯ್ದು ತಂದ ಮೆಂತ್ಯ ಆಗಲೇ ಒಗ್ಗರಣೆಗೆ ಬೀಳುವುದಕ್ಕೆ ಬೆಲೆ ಕಟ್ಟುವವರಿಗೆ ಮಾತ್ರ ಇದು.

ಕತ್ತಲೂ ಬೇಕು

ಹದಿನಾಲ್ಕು ಗಂಟೆ ಯಾಕೆ, ಇಪ್ಪತ್ತನಾಲ್ಕೂ ಉರಿಸಿದರೆ ಇನ್ನೂ ಬೇಗ ಬೆಳೆಯುವುದಿಲ್ಲವೇ ಎಂದು ಕೇಳುವವರು ಒಮ್ಮೆ ರಾತ್ರಿ ಹೊತ್ತು ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಹೋಗಿಬರಬೇಕು. ಸೇವಂತಿಗೆ ಹೊಲಗಳ ಮೇಲೆ ಸಾಲುಸಾಲಾಗಿ ಬಲ್ಬುಗಳು ಉರಿಯುತ್ತಿರುತ್ತವೆ. ಆ ಬೆಳಕು ಗಿಡದ ಹೊಟ್ಟೆಗಲ್ಲ. ಅಷ್ಟು ಮಂದ ಬೆಳಕಿನಲ್ಲಿ ಯಾವ ಗಿಡವೂ ಬೆಳೆಯದು. ಅದು ಗಿಡದ ಗಡಿಯಾರಕ್ಕೆ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ನಡುರಾತ್ರಿಯಲ್ಲಿ ಕೆಲಹೊತ್ತು ದೀಪ ಹೊತ್ತಿಸಿದರೆ ಗಿಡದ ಪಾಲಿಗೆ ಉದ್ದದ ರಾತ್ರಿ ತುಂಡಾಗುತ್ತದೆ, ಹೂ ಬಿಡುವುದನ್ನು ಮುಂದೂಡಿ ಕಾಂಡ ಬೆಳೆಸುತ್ತದೆ. ರೈತ ತನಗೆ ಬೇಕಾದ ಹಬ್ಬದ ದಿನ ಎಣಿಸಿ ಬಲ್ಬು ಆರಿಸುತ್ತಾನೆ.

ಈ ಗಡಿಯಾರದ ಸುಳಿವು ಹಿಡಿದದ್ದು ಅಮೆರಿಕ ಕೃಷಿ ಇಲಾಖೆಯ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್. ಹೂಬಿಡಲು ಒಲ್ಲದೆ ಬೆಳೆಯುತ್ತಲೇ ಹೋದ ಒಂದು ತಂಬಾಕು ತಳಿಯಿಂದ ಹೊರಟು, ಹಗಲಿನ ಉದ್ದವೇ ಹೂವನ್ನು ನಿರ್ಧರಿಸುತ್ತದೆ ಎಂದು ಅವರು 1920ರಲ್ಲಿ ತೋರಿಸಿದರು. 1952ರಲ್ಲಿ ಅದೇ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದಲ್ಲಿ ಬಾರ್ತ್‌ವಿಕ್ ಮತ್ತು ಹೆಂಡ್ರಿಕ್ಸ್ ತಂಡ ಲೆಟಿಸ್ ಬೀಜಕ್ಕೆ ಒಮ್ಮೆ ಕೆಂಪು, ಒಮ್ಮೆ ಅದಕ್ಕೂ ಆಚೆಯ ಅತಿಗೆಂಪು ಬೆಳಕು ತೋರಿಸುತ್ತಾ ಹೋಯಿತು. ಕೊನೆಯಲ್ಲಿ ಕೆಂಪು ಬಿದ್ದರೆ ಬೀಜ ಮೊಳೆಯಿತು, ಅತಿಗೆಂಪು ಬಿದ್ದರೆ ಮೊಳೆಯಲಿಲ್ಲ. ಎಷ್ಟು ಸಲ ಅದಲುಬದಲಾದರೂ ಲೆಕ್ಕಕ್ಕೆ ಬಂದದ್ದು ಕೊನೆಯದೇ. ಗಿಡದೊಳಗೆ ಬೆಳಕನ್ನು ಗುರುತಿಸುವ ಒಂದು ವರ್ಣದ್ರವ್ಯವಿದೆ ಎಂಬುದು ಹೀಗೆ ಖಚಿತವಾಯಿತು, ಅದೇ ಫೈಟೊಕ್ರೋಮ್. ಇಷ್ಟು ಸರಳ ಪ್ರಯೋಗದಿಂದ ಇಷ್ಟು ದೊಡ್ಡ ಸತ್ಯ ಸಿಕ್ಕ ಉದಾಹರಣೆ ಸಸ್ಯವಿಜ್ಞಾನದಲ್ಲಿ ಕಡಿಮೆ ಎಂದೇ ನನ್ನ ಅನಿಸಿಕೆ.

ಗಿಡ ಬೆಳಕನ್ನಷ್ಟೇ ಅಲ್ಲ, ಕತ್ತಲನ್ನೂ ಲೆಕ್ಕಕ್ಕಿಡುತ್ತದೆ; ಆದ್ದರಿಂದ ಟೈಮರ್ ಕಡ್ಡಾಯ. ಹಲ್ಲುಹಲ್ಲಿನ ಚಕ್ರವಿರುವ ಯಾಂತ್ರಿಕ ಟೈಮರ್ ಸಾಕು. ಕೊತ್ತಂಬರಿಗೆ ಹಗಲು ಉದ್ದವಾದಷ್ಟೂ ಬೇಗ ಹೂ ಬಿಡುವ ಸ್ವಭಾವ. ಅದರ ತಟ್ಟೆಯೇ ಹೆಚ್ಚಿದ್ದರೆ ಹನ್ನೆರಡು ಗಂಟೆಗೆ ಇಳಿಸಿ. ಟೊಮೆಟೊ ಸಸಿಗೆ ಇರುಳೇ ಇಲ್ಲದಂತೆ ಮಾಡಿದರೆ ಎಲೆ ಹಳದಿಯಾಗಿ ಗಿಡ ಕೆಡುತ್ತದೆ.

ಇದೇ ದೀಪದ ಬೆಲೆ ಇನ್ನೂ ಚೆನ್ನಾಗಿ ಗೊತ್ತಿರುವವರು ಹಿಮ ಬೀಳುವ ಊರುಗಳಲ್ಲಿರುವ ಕನ್ನಡಿಗರು. ಅಮೆರಿಕಕ್ಕೆ ಹಸಿ ಕರಿಬೇವನ್ನು ಚೀಲದಲ್ಲಿ ಒಯ್ಯುವಂತಿಲ್ಲ. ನಿಂಬೆ, ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಕೀಟಕ್ಕೆ ಕರಿಬೇವೂ ಆಶ್ರಯ ಕೊಡುತ್ತದೆ ಎಂದು ಅಲ್ಲಿ ನಿರ್ಬಂಧವಿದೆ. ಹಾಗಾಗಿ ಮನೆಯ ಕುಂಡದಲ್ಲಿರುವ ಕರಿಬೇವಿನ ಗಿಡಕ್ಕೆ ಅಲ್ಲಿ ಎಲ್ಲಿಲ್ಲದ ಆರೈಕೆ. ಬೇಸಿಗೆಯಲ್ಲಿ ಅಂಗಳದಲ್ಲಿ ಸೊಂಪಾಗಿ ಬೆಳೆದ ಗಿಡ ಚಳಿ ಬೀಳುವ ಮೊದಲು ಒಳಗೆ ಬರುತ್ತದೆ. ಡಿಸೆಂಬರಿನ ಷಿಕಾಗೊದಲ್ಲಿ ಹಗಲು ಒಂಬತ್ತು ಗಂಟೆ ಚಿಲ್ಲರೆ, ಸೂರ್ಯ ಓರೆಯಲ್ಲೇ ಬಂದು ಓರೆಯಲ್ಲೇ ಹೋಗುತ್ತಾನೆ. ಬೆಂಗಳೂರಿನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ದಾಟುತ್ತದೆ. ಕಿಟಕಿ ಪಕ್ಕದಲ್ಲೇ ಇಟ್ಟರೂ ಗಿಡ ಎಲೆ ಉದುರಿಸಿ ಬರೀ ಕಡ್ಡಿಯಾಗುತ್ತದೆ. ಮೇಲೆ ಹೇಳಿದಂಥ ದೀಪ ಹದಿನಾಲ್ಕು ಗಂಟೆ ಉರಿದು, ಬೇರಿಗೆ ಬೆಚ್ಚಗಿದ್ದು, ನೀರು ಮಿತವಾಗಿದ್ದರೆ ಎಲೆ ಉಳಿಯುತ್ತದೆ, ಸಾರಿಗೆ ಆಗುವಷ್ಟು ಚಿಗುರೂ ಬರುತ್ತದೆ. ಬಿಸಿಲು ಬೇಡುವ ಗಿಡವಾದ್ದರಿಂದ ಪೊದೆಯಾಗಿ ಹಬ್ಬುವುದು ಬೇಸಿಗೆಗೇ. ಅಲ್ಲಿ ಕಟ್ಟುವವರು ಒಂದು ನೆನಪಿಡಬೇಕು: ಅಲ್ಲಿಯ ವಿದ್ಯುತ್ತು 120 ವೋಲ್ಟ್, ಇಲ್ಲಿಂದ ಒಯ್ದ ಚೋಕ್ ನಡೆಯದು.

ಟ್ಯೂಬಿನ ಕಾಲ ಹೇಗೂ ಮುಗಿಯುತ್ತಿದೆ. ಪಾದರಸದ ವಿಷದಿಂದ ನರಳಿದ ಜಪಾನಿನ ಮಿನಮಾಟಾ ಊರಿನ ಹೆಸರಿನಲ್ಲೇ ಒಂದು ಅಂತರರಾಷ್ಟ್ರೀಯ ಒಪ್ಪಂದವಿದೆ, ಭಾರತವೂ 2018ರಲ್ಲಿ ಅದನ್ನು ಅನುಮೋದಿಸಿದೆ. ಜಿನೀವಾದಲ್ಲಿ 2023ರಲ್ಲಿ ಸೇರಿದ ಸಭೆ ಉದ್ದನೆಯ ಫ್ಲೋರೊಸೆಂಟ್ ಟ್ಯೂಬುಗಳ ತಯಾರಿಕೆ, ಆಮದು, ರಫ್ತನ್ನು 2027ರ ಕೊನೆಯೊಳಗೆ ನಿಲ್ಲಿಸಲು ತೀರ್ಮಾನಿಸಿತು. ಸರಿಯಾದ ತೀರ್ಮಾನ. ಒಂದೊಂದು ಟ್ಯೂಬಿನಲ್ಲೂ ಕೆಲವು ಮಿಲಿಗ್ರಾಂ ಪಾದರಸವಿದೆ. ಈ ದೀಪಕ್ಕಾಗಿ ಹೊಸ ಟ್ಯೂಬು ಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಆಗಲೇ ತಯಾರಾಗಿ, ಪಾದರಸ ತುಂಬಿಕೊಂಡು, ಉರಿಯಬಲ್ಲ ಸ್ಥಿತಿಯಲ್ಲಿ ಅಟ್ಟದಲ್ಲಿರುವುದನ್ನು ಒಡೆದು ಕಸಕ್ಕೆ ಹಾಕುವುದಕ್ಕಿಂತ, ಅದರ ಆಯುಷ್ಯ ಮುಗಿಯುವವರೆಗೆ ಉರಿಸುವುದೇ ಸರಿ. ಎರಡು ಟ್ಯೂಬು ತೆಗೆದು ಅದೇ ಬೆಳಕಿಗೆ ಮೂರು ಸಾಧಾರಣ ಬ್ಯಾಟನ್ ಹಾಕಿದರೆ ಉಳಿಯುವುದು ತಿಂಗಳಿಗೆ ಆರು ಯೂನಿಟ್ ಅಷ್ಟೆ. ಅಷ್ಟಕ್ಕೆ ಅವಸರ ಬೇಕಿಲ್ಲ.

ಟ್ಯೂಬು ಕೈಜಾರಿ ಒಡೆದರೆ ಕಿಟಕಿ ತೆರೆದು ಕಾಲು ಗಂಟೆ ಎಲ್ಲರೂ ಹೊರಗಿರಿ. ಪೊರಕೆಯನ್ನಾಗಲಿ ವ್ಯಾಕ್ಯೂಮ್ ಕ್ಲೀನರನ್ನಾಗಲಿ ಮುಟ್ಟಬೇಡಿ, ಪುಡಿ ಗಾಳಿಗೇಳುತ್ತದೆ. ದಪ್ಪ ರಟ್ಟಿನಿಂದ ಚೂರುಗಳನ್ನು ಒಟ್ಟುಗೂಡಿಸಿ, ಉಳಿದ ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ಅದೂ, ಆಯುಷ್ಯ ಮುಗಿದ ಟ್ಯೂಬೂ ಇ-ತ್ಯಾಜ್ಯ ಸಂಗ್ರಹಕ್ಕೇ ಹೋಗಬೇಕು.

ದಿನಕ್ಕೆ ಹದಿನಾಲ್ಕು ಗಂಟೆಯಂತೆ ಉರಿಸಿದರೆ ಒಳ್ಳೆಯ ಟ್ಯೂಬು ಎರಡು, ಮೂರು ವರ್ಷ ಬರುತ್ತದೆ. ತುದಿ ಕಪ್ಪಾಗತೊಡಗಿದಾಗ ಅದನ್ನು ಬಿಚ್ಚಿ, ಅದೇ ಜಾಗದಲ್ಲಿ ಬ್ಯಾಟನ್ ತಿರುಪಿ. ಚೋಕನ್ನು ಪೂರ್ತಿ ತೆಗೆದೇ ಹೊಸ ತಂತಿ ಎಳೆಯಿರಿ. ಕೆಂಪು ಪಟ್ಟಿಯನ್ನು ಮುಟ್ಟಬೇಕಿಲ್ಲ. ಅರ್ಧ ಕರೆಂಟಿನಲ್ಲಿ ತಣ್ಣಗೆ ಓಡುವ ಅದಕ್ಕೆ 50,000 ಗಂಟೆ ದೊಡ್ಡದಲ್ಲ, ಅಂದರೆ ಹತ್ತಿರ ಹತ್ತಿರ ಹತ್ತು ವರ್ಷ. ತಿಂಗಳಿಗೊಮ್ಮೆ ಒಣ ಬಟ್ಟೆಯಲ್ಲಿ ದೂಳು ಒರೆಸುತ್ತಿದ್ದರೆ ಆಯಿತು.